ಚೌಕದೊಳಗೆ ಹಿಡಿಯದ ದಂಪತಿ

ಬಹರೇನಿನ ನಮ್ಮ ಕನ್ನಡ ಬಳಗದ ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸದಸ್ಯರ ಪುಟದಲ್ಲಿ ಎಲ್ಲರ ಫೋಟೊ ಒಂದೇ ಅಳತೆಯ ಚೌಕದಲ್ಲಿ ಕಾಣಬೇಕಿತ್ತು. ಒಬ್ಬೊಬ್ಬರದನ್ನೂ ಕೈಯಿಂದ ಕತ್ತರಿಸುವ ತಾಳ್ಮೆ ನನಗಿರಲಿಲ್ಲ. ಪಿಎಚ್‌ಪಿಯಲ್ಲಿ ನಾಲ್ಕು ಸಾಲು ಕೋಡ್ ಬರೆದೆ: ಯಾವ ಫೋಟೊ ಬಂದರೂ ನಟ್ಟನಡುವಿನ ಚೌಕ ಉಳಿಸಿ, ಮಿಕ್ಕಿದ್ದನ್ನು ತೆಗೆದುಬಿಡು. ನನ್ನದೇ ಫೋಟೊ ಹಾಕಿ ನೋಡಿದೆ. ಮುಖ ಸರಿಯಾಗಿ ನಡುವೆ ಕೂತಿತ್ತು.

ಶುಕ್ರವಾರ ಬೆಳಿಗ್ಗೆ ಪುಟವನ್ನು ಬಳಗದವರಿಗೆಲ್ಲ ತೆರೆದಿಟ್ಟೆ. ಗುದೈಬಿಯಾದ ನಮ್ಮ ಫ್ಲ್ಯಾಟಿನಲ್ಲಿ ಇನ್ನೂ ಕಾಫಿ ಕುಡಿಯುತ್ತಿದ್ದಾಗಲೇ ಬುದಯ್ಯ ಊರಿನಲ್ಲಿರುವ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿದರು. ಖರ್ಜೂರದ ಮರದ ಪಕ್ಕ ನಿಂತು ಉದ್ದುದ್ದ ತೆಗೆಸಿಕೊಂಡ ಫೋಟೊ ಅವರದು.

"ನನ್ನದು ಹೊಟ್ಟೆ ಮಾತ್ರ ಉಂಟಲ್ಲ ಮಾರಾಯ್ರೆ," ಎಂದರು. "ಆದ್ರೆ ನೋಡಿದವ್ರೆಲ್ಲ ಗುರುತು ಹಿಡಿದ್ರು."

ಅದು ಸುಲಭವಾಗಿತ್ತು. ಉದ್ದನೆಯ ಫೋಟೊಗಳಲ್ಲಿ ಚೌಕವನ್ನು ಮೇಲಿನಿಂದ ಅಳೆಯುವಂತೆ ಕೋಡ್ ತಿದ್ದಿದೆ. ಅಷ್ಟರಲ್ಲಿ ಅವಾಲಿಯಿಂದ ಇನ್ನೊಂದು ಕರೆ. ಮಂಗಳೂರು ಕಡೆಯ ನರ್ಸ್ ಆಂಟಿ. ಮದುವೆಯ ವಾರ್ಷಿಕೋತ್ಸವದಲ್ಲಿ ಗಂಡ ಹೆಂಡತಿ ಉದ್ದ ಮೇಜಿನ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತಿದ್ದ ಫೋಟೊ ಕಳಿಸಿದ್ದರು.

"ನಮ್ಮ ಹೆಸರಿನ ಮೇಲೆ ಕೇಕ್ ಮಾತ್ರ ಉಂಟು," ಎಂದರು ಆಂಟಿ, ತೀರಾ ಶಾಂತವಾಗಿ.

ಇದಕ್ಕೇನು ನಿಯಮ ಬರೆಯುವುದೆಂದು ತಲೆ ಕೆರೆದುಕೊಳ್ಳುತ್ತಿದ್ದೆ. ದೋಸೆ ಹುಯ್ಯುತ್ತಿದ್ದ ನನ್ನ ಹೆಂಡತಿ, "ಎಲ್ಲಿ ಕತ್ತರಿಸ್ಬೇಕು ಅಂತ ಅವರನ್ನೇ ಕೇಳ್ರೀ," ಎಂದಳು. ಹಾಗಾಗಿ ಫೋಟೊದ ಮೇಲೆ ಬೆರಳಿನಿಂದ ಎಳೆದಾಡಬಹುದಾದ ಒಂದು ಚೌಕವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದೆ. ಮುಂದಿನ ಶುಕ್ರವಾರ ಅದನ್ನು ತೋರಿಸಲು ಅವಾಲಿಗೆ ಹೋದೆ.

ಆಂಟಿ ಚೌಕವನ್ನು ತಮ್ಮ ಕಡೆಗೆ ಎಳೆದರು. ಗಂಡ ಮಾಯವಾದರು. ಅಂಕಲ್ ತಮ್ಮ ಕಡೆಗೆ ಎಳೆದುಕೊಂಡರು. ಸ್ವಲ್ಪ ಹೊತ್ತು ಚೌಕ ಹೀಗೇ ಓಡಾಡಿತು. ಎಷ್ಟು ಎಳೆದರೂ ಇಬ್ಬರೂ ಒಟ್ಟಿಗೆ ಅದರೊಳಗೆ ಹಿಡಿಯಲಿಲ್ಲ.

"ಇಷ್ಟು ದೂರ ಹೋಗಿ ನಿಂತದ್ದು ಎಂತಕ್ಕೆ ನೀವು?" ಎಂದು ಆಂಟಿ ಗಂಡನನ್ನು ಕೇಳಿದರು.

"ನೀನೇ ಹೇಳಿದ್ದಲ್ವಾ, ಕೇಕಿಗೆ ಅಡ್ಡ ಬರ್ಬೇಡಿ ಅಂತ."

ಹೊಸ ಫೋಟೊ ತೆಗೆಯದೆ ಬೇರೆ ದಾರಿಯಿರಲಿಲ್ಲ. ಸೋಫಾದ ಮೇಲೆ ಕೂರಿಸಿ, ಇನ್ನೂ ಹತ್ತಿರ, ಇನ್ನೂ ಸ್ವಲ್ಪ ಎಂದು ಹೇಳುತ್ತಾ ಹೋದೆ. ಅಂಕಲ್ ಮೆಲ್ಲಗೆ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟರು.

"ಕೈ ತೆಗೀರಿ, ಬಳಗದವ್ರೆಲ್ಲ ನೋಡ್ತಾರೆ," ಎಂದರು ಆಂಟಿ.

ಅಂಕಲ್ ತೆಗೆಯಲಿಲ್ಲ. ಆಂಟಿ ನಗು ತಡೆಯಲು ತುಟಿ ಬಿಗಿಹಿಡಿದಿದ್ದಾಗಲೇ ನಾನು ಅವರದೇ ಫೋನಿನಲ್ಲಿ ಕ್ಲಿಕ್ ಮಾಡಿದೆ. ಮೀನು ಸಾರಿನ ಊಟಕ್ಕೆ ಕೂರುವ ಮೊದಲೇ ಆ ಫೋಟೊ ಅವರ ಊರಿನವರಿಗೆಲ್ಲ ತಲುಪಿತ್ತು. ಕಳಿಸಿದ್ದು ಆಂಟಿಯೇ.