ಭುಜ ಹೊಲಿಸಿಕೊಂಡವರ ಅಕ್ಕ

ಬೆಳಕು ಹರಿಯುವ ಮೊದಲೇ ಇಲ್ಲಿನ ಕುರಿಗಳನ್ನು ನೋಡಿಕೊಳ್ಳುವ ಅಕ್ಕ ಕೊಟ್ಟಿಗೆಯ ದೀಪ ಹಾಕಿ, ಬಾಗಿಲಲ್ಲೇ ನಿಂತು "ಬ್ಯಾ..." ಎನ್ನುತ್ತಾರೆ. ಅರ್ಧ ಗಂಟಲಲ್ಲಿ, ಅರ್ಧ ಮೂಗಲ್ಲಿ, ಕೊನೆಗೆ ಸ್ವಲ್ಪ ನಡುಗಿಸಿ. ಒಳಗಿನ ಕುರಿಗಳು ಒಂದೊಂದಾಗಿ ಓಗೊಡುತ್ತವೆ. ಅದೇ ಹಾಜರಿ. ಇವತ್ತು ಮೂಲೆಯ ಗೂಡಿನಿಂದ ಮಾತ್ರ ಸದ್ದಿಲ್ಲ.

ಅಲ್ಲಿರುವ ಕುರಿಯ ಹೆಸರು ಹದಿನೇಳು. ಈ ಸಂಶೋಧನಾಲಯದಲ್ಲಿ ಕುರಿಗೆ ಹೆಸರಿಡುವಂತಿಲ್ಲ, ಕಿವಿಯ ಬಿಲ್ಲೆಯ ಸಂಖ್ಯೆಯೇ ಹೆಸರು. ಭಾರ ಬಿದ್ದು ಭುಜದ ಹೊಸ ಹೊಲಿಗೆ ಬಿಚ್ಚದಿರಲೆಂದು ಒಂದು ಮುಂಗಾಲಿನ ಗೊರಸಿನಡಿ ರಬ್ಬರ್ ಚೆಂಡು ಕಟ್ಟಿದ್ದಾರೆ. ಮೊನ್ನೆಯಿಂದ ಅದು ಮೇವು ಮುಟ್ಟಿಲ್ಲ. ಪ್ರಾಣಿವೈದ್ಯರ ಗಡುವನ್ನು ಅಕ್ಕ ಅವರದೇ ದನಿಯಲ್ಲಿ, ಕೆಮ್ಮಿನ ಸಮೇತ ಒಪ್ಪಿಸುತ್ತಾರೆ: "ನೋಡಮ್ಮಾ... ಇವತ್ತೂ ತಿನ್ಲಿಲ್ಲ ಅಂದ್ರೆ... ನೋವಲ್ಲಿ ಇಡೋ ಹಾಗಿಲ್ಲ." ಅಂದರೆ ಕೊನೆಯ ಸೂಜಿ. ಹಾಗಾದರೆ ಹದಿನೇಳು ಇಷ್ಟು ದಿನ ಪಟ್ಟ ಪಾಡು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇಲ್ಲಿನ ಲೆಕ್ಕ ಇಷ್ಟು. ಮಾಂಸಖಂಡವನ್ನು ಭುಜದ ಮೂಳೆಗೆ ಬಿಗಿಯುವ ಸ್ನಾಯುರಜ್ಜು ಹರಿದು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಕುಗ್ಗಿಹೋಗುತ್ತದೆ. ಎಳೆದು ಹೊಲಿದರೆ ಮತ್ತೆ ಕಿತ್ತು ಬರುತ್ತದೆ. ನಡುವೆ ತೇಪೆ ಬೇಕು. ರೋಗಿಯದೇ ಕಾಲಿನ ರಜ್ಜುವೋ, ಹದಮಾಡಿದ ಚರ್ಮವೋ, ನೇಯ್ದ ಜಾಲರಿಯೋ? ಅದನ್ನು ತಿಳಿಯಲು ಕುರಿಗಳ ರಜ್ಜುವನ್ನು ಮೊದಲು ಕತ್ತರಿಸಿ, ಹಳತಾಗಲು ಬಿಟ್ಟು, ಆಮೇಲೆ ಒಂದೊಂದಕ್ಕೆ ಒಂದೊಂದು ತೇಪೆ ಹಾಕಿ ಕಾಯುತ್ತಾರೆ. ಕೊನೆಗೆ ಕುರಿಯನ್ನು ನೋವಿಲ್ಲದಂತೆ ಕೊನೆಯ ನಿದ್ದೆಗೆ ಕಳಿಸಿ, ಭುಜವನ್ನು ಯಂತ್ರದಲ್ಲಿ ಎಳೆದು ನೋಡುತ್ತಾರೆ. ಕಷ್ಟಕ್ಕೆ ಹೆಗಲು ಕೊಡುತ್ತೇವೆ ಎಂದು ಮನುಷ್ಯರು ಬಾಯಿಮಾತಿಗೆ ಹೇಳುತ್ತಾರೆ, ಇವು ಕೊಟ್ಟೇ ಹೋಗುತ್ತವೆ.

ಅಕ್ಕನ ಮನೆಯಲ್ಲೂ ಒಂದು ಹರಿದ ಭುಜವಿದೆ. ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಗಂಡನ ಬಲಗೈ ಈಗ ಎದೆಯಿಂದ ಮೇಲೇಳುವುದಿಲ್ಲ. ಅಂಗಿ ತೊಡಿಸುವವರೂ, ತಲೆ ಬಾಚುವವರೂ ಅಕ್ಕನೇ.

"ನಿನ್ ಕುರಿಗೆ ಎಷ್ಟೊಂದ್ ಜನ ಡಾಕ್ಟ್ರು. ನಂಗೂ ಒಂದು ಬಿಲ್ಲೆ ಹೊಡ್ಸೇ."

"ಬಿಲ್ಲೆ ಯಾಕ್ರೀ? ನಿಮ್ಮನ್ನ ಕುರಿ ಮಾಡೋಕೆ ನಾನೊಬ್ಳು ಸಾಲಲ್ವಾ?"

ನಕ್ಕಾದ ಮೇಲೆ ಗಂಡ ಮೆಲ್ಲಗೆ ಕೇಳುತ್ತಾರೆ, "ಯಾವ್ ತೇಪೆ ಗಟ್ಟಿ ನಿಲ್ಲುತ್ತಂತೆ?" "ಲೆಕ್ಕ ಇನ್ನೂ ಮುಗ್ದಿಲ್ಲ ಕಣ್ರೀ," ಎಂದು ಅಕ್ಕ ಅವರ ಅಂಗಿಯ ಗುಂಡಿ ಹಾಕುತ್ತಾರೆ.

ಅಕ್ಕನಿಗೆ ಈ ಕೆಲಸ ಒಗ್ಗಿದ್ದೂ ಸುಲಭವಾಗೇನಲ್ಲ. "ಮೊದಲ್ನೇ ಗುಂಪಿನ ಕುರಿಗಳು ಹೋದಾಗ ಅನ್ನ ಸೇರ್ಲಿಲ್ಲ. ಬಿಟ್ಬಿಡೋಣ ಅಂದ್ಕೊಂಡೆ. ಆಮೇಲೆ ಅನ್ನಿಸ್ತು, ನಾನು ಕೆಲ್ಸ ಬಿಟ್ರೆ ಕುರಿನ ಬಿಟ್ಬಿಡ್ತಾರಾ?"

ಅಕ್ಕ ಮೂಲೆಯ ಗೂಡಿನೆದುರು ಕುಕ್ಕರಗಾಲಲ್ಲಿ ಕೂತು ಮತ್ತೆ ಕೂಗುತ್ತಾರೆ. ಹದಿನೇಳು ಅವರತ್ತ ನೋಡುವುದಿಲ್ಲ. ಕತ್ತನ್ನು ಪಕ್ಕದ ಗೂಡಿನ ತಂತಿ ಜಾಲರಿಯತ್ತ ಹೊರಳಿಸಿ ಕಿವಿ ನಿಗುರಿಸುತ್ತದೆ. ಜಾಲರಿಯ ಮೇಲೆ ದಪ್ಪ ಟಾರ್ಪಾಲು. ಆಪರೇಷನ್ ಆದ ಮೈಗೆ ಗಾಳಿ ಬಡಿಯದಿರಲೆಂದು ಮೊನ್ನೆ ಅಕ್ಕನೇ ಕಟ್ಟಿದ್ದು. ಅದರಾಚೆ ಇದರ ಜೊತೆಗಾತಿ ಇದ್ದಾಳೆ, ಆದರೆ ಕಾಣುತ್ತಿಲ್ಲ.

"ನನ್ ಬುದ್ಧಿಗಿಷ್ಟು," ಅಕ್ಕ ಹಣೆಗೆ ಕೈ ಹಚ್ಚುತ್ತಾರೆ. "ಬೆಚ್ಚಗಿರ್ಲಿ ಅಂತ ಒಂಟಿ ಮಾಡ್ಬಿಟ್ಟೆ."

ಅವರು ಟಾರ್ಪಾಲಿನ ಗಂಟು ಬಿಚ್ಚುವ ಹೊತ್ತಿಗೆ ವೈದ್ಯರು ತಟ್ಟೆ ಹಿಡಿದು ಬರುತ್ತಾರೆ. ಸೂಜಿ ಅದರಲ್ಲೇ ಇದೆ.

"ತಪ್ಪು ನಂದು ಸರ್. ಪಕ್ಕದ್ದು ಕಾಣದ ಹಾಗೆ ಕಟ್ಟಿದ್ದೆ."

"ನಾನೂ ದಿನಾ ಅದರ ಮುಂದೇನೇ ನಿಂತಿದ್ನಲ್ಲಮ್ಮ," ಎಂದು ವೈದ್ಯರು ತಟ್ಟೆಯನ್ನು ಕಿಟಕಿಯ ಕಟ್ಟೆ ಮೇಲಿಡುತ್ತಾರೆ.

ಟಾರ್ಪಾಲು ಜಾರಿದೊಡನೆ ಜಾಲರಿಯ ಆ ಬದಿಯಿಂದ ಒಂದು ಒದ್ದೆ ಮೂಗು ಬರುತ್ತದೆ. ಹದಿನೇಳು ಕುಂಟುತ್ತಾ ಹೋಗಿ ಅದನ್ನು ಮೂಸುತ್ತದೆ. ಬಹಳ ಹೊತ್ತು ಬರೀ ಮೂಸುತ್ತದೆ. ಆಚೆಯದು ಮೇವಿಗೆ ಬಾಯಿ ಹಾಕಿದಾಗ ಇದೂ ಒಂದು ಎಳೆ ಕಚ್ಚುತ್ತದೆ. ಇನ್ನೊಂದು. ವೈದ್ಯರು ಸೂಜಿಯ ತಟ್ಟೆ ಎತ್ತಿಕೊಂಡು ಹೊರಡುತ್ತಾರೆ.

ಕುರಿ ಉಳಿಯಿತು ಎಂದರೆ ಅಕ್ಕ ಒಪ್ಪುವುದಿಲ್ಲ.

"ಎಲ್ಲುಳೀತು? ಅದರ ದಿನ ಬಂದೇ ಬರುತ್ತೆ. ಅವತ್ತು ತಲೆ ತೊಡೆ ಮೇಲೆ ಇಟ್ಕೊಳ್ಳೋಳೂ ನಾನೇ. ಹೋಗೋದು ಹೋಗೇ ಹೋಗುತ್ತೆ. ಲೆಕ್ಕಕ್ಕೆ ಬರ್ದೆ ಸುಮ್ನೆ ಹೋಗ್ಬಾರ್ದು, ಅಷ್ಟೇ."