ಕೂಗಿದರೆ ಬರುವ ಹರಿಗೋಲು

ಮೊನ್ನೆ ರಾಯಚೂರಿನ ನಮ್ಮ ಓಣಿಗೆ ಡಾಂಬರು ಹಾಕಿದರು. ಎಲ್ಲರೂ ಮೂಗು ಮುಚ್ಚಿಕೊಂಡು ಒಳಗೆ ಹೋದರೆ, ನಾನೊಬ್ಬ ಮಾತ್ರ ಅತ್ತೆಮನೆಯ ಒಗ್ಗರಣೆಗೆ ಮೂಗರಳಿಸಿದ ಹೊಸ ಅಳಿಯನ ಹಾಗೆ ಬಾಗಿಲಲ್ಲಿ ನಿಂತೆ. ಕಾದ ಡಾಂಬರಿನ ಆ ವಾಸನೆ ನನಗೆ ರಸ್ತೆಯದಲ್ಲ, ಹರಿಗೋಲಿನದು. ಅವ್ವನ ತವರು ಕೃಷ್ಣೆಯ ನಡುಗಡ್ಡೆಯ ಮೇಲಿತ್ತು. ಬೇಸಿಗೆ ಬಂತೆಂದರೆ ಅವಳ ಅಪ್ಪ, ನನ್ನ ಮುತ್ಯಾ, ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಬಿಸಿಲಿಗೆ ಮಿರಮಿರ ಮಿಂಚುವ ಆ ದುಂಡು ತಳವನ್ನು ತೋರಿಸಿ, ‘ಇಲ್ನೋಡಲೇ, ಥೇಟ್ ನಿನ್ನ ಮಾರಿ’ ಎನ್ನುತ್ತಿದ್ದ. ಹೋಲಿಕೆಯಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಇಲ್ಲ.

ಮಾನ್ವಿಯಲ್ಲಿದ್ದ ನಮಗೆ ಅದು ಬೇರೆಯೇ ದೇಶ. ದೇವದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಹೊಳೆಯ ಕಡೆಗೆ ಇನ್ನೊಂದು, ಆಮೇಲೆ ಬಂಡೆಗಳ ನಡುವೆ ಕಾಲುದಾರಿ. ದಂಡೆಗೆ ಬಂದು ನಿಂತರೆ ನೀರಿನಾಚೆ ಕೋಟೆ. ಯಾವ ರಾಜ ಕಟ್ಟಿಸಿದನೋ, ಯಾರಿಗೆ ಹೆದರಿ ಇಷ್ಟು ದೂರ ಓಡಿಬಂದನೋ, ಕೇಳಿದಾಗೊಮ್ಮೆ ಮುತ್ಯಾ ಬೇರೆ ಬೇರೆ ಹೆಸರು ಹೇಳುತ್ತಿದ್ದ. ಗೋಡೆಯೊಳಗೆ ನಾಲ್ಕಾರು ಮನೆಗಳು, ತುಕ್ಕು ಹಿಡಿದ ಫಿರಂಗಿಯ ಮೇಲೆ ಒಣಗುವ ಸೀರೆಗಳು, ಹುಡೇವು ಎನ್ನುವ ಬುರುಜಿನ ಸಂದಿಗಳಲ್ಲಿ ಗಿಳಿಗಳು, ಮರದ ತುಂಬ ಕೊಕ್ಕರೆಗಳು. ಬಂಡೆಯ ಮೇಲೆ ಮಲಗಿರುತ್ತಿದ್ದ ಮೊಸಳೆಗೆ ನಮ್ಮವರು ಮೊಸಳೆ ಎನ್ನುತ್ತಿರಲಿಲ್ಲ. ಸದಾ ಬಾಯಿ ತೆರೆದೇ ಇರುತ್ತದೆಂದು ‘ಸಾವ್ಕಾರ’ ಎನ್ನುತ್ತಿದ್ದರು. ಈಗ ಅಲ್ಲಿ ಮನುಷ್ಯರಿಲ್ಲ. ಹಕ್ಕಿಗಳಿಗೆಂದೇ ಕಾಯ್ದಿಟ್ಟ ಜಾಗ ಅದು. ಹೋದ ಚಳಿಗಾಲ ಗೆಳೆಯರೊಡನೆ ಮೋಟಾರು ದೋಣಿಯಲ್ಲಿ ಹೋಗಿದ್ದೆ. ನಮ್ಮ ಅಡುಗೆಮನೆ ಇದ್ದಲ್ಲಿ ಬೆಳೆದ ಮರದ ಮೇಲೆ ಕೊಕ್ಕರೆಯೊಂದು ಗೂಡು ಕಟ್ಟಿ, ‘ಯಾರಿವರು’ ಎಂಬಂತೆ ನನ್ನನ್ನೇ ನೋಡಿತು. ದಿಟ್ಟ ಹೆಣ್ಣು, ನನ್ನ ಅಜ್ಜಿಯಂತೆಯೇ.

ಆಗ ಮೋಟಾರು ದೋಣಿ ಎಲ್ಲಿತ್ತು? ಇದ್ದದ್ದು ಮುತ್ಯಾನ ಹರಿಗೋಲು, ಅದನ್ನು ಕರೆಯಲು ಕೂಗು. ಮನೆಗೊಂದು ಕೂಗು. ನಮ್ಮ ಮನೆಯದು ‘ಹೋ’ ಎಂದು ಮೇಲೇರಿ, ನೀರಿನ ಮೇಲೆ ತೇಲಿ, ‘ಯಪ್ಪಾ’ ಎಂದು ಇಳಿಯುತ್ತಿತ್ತು. ಪಕ್ಕದ ಮನೆಯ ಯಮನಪ್ಪನದು ಆಡು ಅರಚಿದಂತೆ ಶುರುವಾಗಿ ಕೆಮ್ಮಿನಲ್ಲಿ ಮುಗಿಯುತ್ತಿತ್ತು. ಕೂಗು ಯಾರದೇ ಇರಲಿ, ಕಿವಿಗೆ ಬಿದ್ದ ಮೇಲೆ ಹರಿಗೋಲು ಹೊರಡಲೇಬೇಕು. ಉಣ್ಣುತ್ತಿದ್ದರೂ ಮುತ್ಯಾ ಕೈ ತೊಳೆದು ಏಳುತ್ತಿದ್ದ. ನಾನೋ, ಅಕ್ಷರಕ್ಕಿಂತ ಮೊದಲು ಅಷ್ಟೂ ಕೂಗುಗಳನ್ನು ಕಲಿತವನು. ಊಟದ ಹೊತ್ತಿಗೆ ಯಮನಪ್ಪನ ಕೂಗು ಹಾಕಿ ತೋರಿಸುತ್ತಿದ್ದೆ, ಮೇಲೆ ಅವನ ಕೆಮ್ಮು. ಅವನ ಹೆಂಡತಿಯೇ ನಕ್ಕು ನಕ್ಕು ನನಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಮುತ್ಯಾನ ಕಣ್ಣಿಗೆ ಪೊರೆ ಬಂದದ್ದು ಆ ದಿನಗಳಲ್ಲೇ. ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ ಮಾಮ ಬಂದಾಗಲೆಲ್ಲ ಒಂದೇ ಮಾತು: ‘ಯಪ್ಪಾ, ಒಂದಿನ ಹೊಳ್ಯಾಗ ಹೋಗ್ತಿ. ಹುಟ್ಟು ಕೆಳಗಿಡು.’ ಮುತ್ಯಾ ಜಗ್ಗುತ್ತಿರಲಿಲ್ಲ. ಹುಟ್ಟು ಬಿಟ್ಟರೆ ನಡುಗಡ್ಡೆಯಲ್ಲಿ ತಾನು ಯಾರು ಎಂಬುದು ಅವನ ಚಿಂತೆ. ಅಪ್ಪ ಮುಳುಗುತ್ತಾನೆ ಎಂಬುದು ಮಗನದು. ಕೊನೆಗೆ ಮಾಮ ಉಪಾಯ ಹೂಡಿದ. ಗಬ್ಬೂರಿಗೆ ಹೋಗುವ ನೆಪ ಹೇಳಿ ಮುತ್ಯಾನ ಹರಿಗೋಲಿನಲ್ಲೇ ನನ್ನನ್ನು ದಂಡೆಗೆ ಕರೆದುಕೊಂಡು ಬಂದು, ಮುತ್ಯಾ ನಡುಗಡ್ಡೆಗೆ ಮರಳಿದ ಮೇಲೆ, ‘ಯಮನಪ್ಪನ ಕೂಗು ಹಾಕು. ಮೋಸ ಹೋದನಂದ್ರ ಇವತ್ತೇ ಹುಟ್ಟು ಬಿಡಸ್ತೀನಿ’ ಎಂದ. ನಾನು ಕೂಗಿದೆ, ಕೆಮ್ಮಿನ ಸಮೇತ. ಹರಿಗೋಲು ತಿರುಗುತ್ತ ತಿರುಗುತ್ತ ಬಂತು.

‘ಯಾರು ಕೂಗಿದ್ರು ಯಪ್ಪಾ?’ ಎಂದ ಮಾಮ, ಗೆದ್ದವನಂತೆ.

‘ಯಮನಪ್ಪನ ಕೂಗು.’

‘ನೋಡಿದಿ? ಗೊತ್ತಾಗಲಿಲ್ಲ ನಿನಗ.’

‘ಯಾಕ ಗೊತ್ತಾಗಂಗಿಲ್ಲ? ಯಮನಪ್ಪ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡ್ಯಾಕತ್ತಾನ.’

‘ಮತ್ತ ಬಂದದ್ದು ಯಾಕ?’

‘ಕೂಗು ಬಂತಲ್ಲಲೇ’ ಎಂದ ಮುತ್ಯಾ. ನನ್ನ ಕಡೆ ತಿರುಗಿ, ‘ಕೆಮ್ಮು ಸಾಲಲಿಲ್ಲ. ಇನ್ನಷ್ಟು ರೂಢಿ ಮಾಡು’ ಎಂದ. ಮಾಮ ಆಮೇಲೆ ಹುಟ್ಟಿನ ಮಾತೆತ್ತಲಿಲ್ಲ.

ಆದರೆ ಹೊಳೆಗೆ ಅಂಥ ದಾಕ್ಷಿಣ್ಯವಿರಲಿಲ್ಲ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗಲೆಲ್ಲ ನಡುಗಡ್ಡೆ ಒಂಟಿಯಾಗುತ್ತಿತ್ತು. ಹೆರಿಗೆಗೂ ದಾರಿ ಇಲ್ಲ, ಹೆಣಕ್ಕೂ ದಾರಿ ಇಲ್ಲ. ದಂಡೆಯ ಮೇಲೆ ಜಾಗ ಸಿಕ್ಕಮೇಲೆ ಒಂದೊಂದೇ ಮನೆ ದಾಟಿತು. ಆಡುಗಳನ್ನು, ಬಾಗಿಲ ಚೌಕಟ್ಟುಗಳನ್ನು, ಸಿಟ್ಟಿಗೆದ್ದ ಮುದುಕಿಯರನ್ನು ದಾಟಿಸಿದವನು ಮುತ್ಯಾನೇ. ಕೊನೆಗೆ ನಮ್ಮ ಮನೆ; ಸಾಮಾನು ಸಾಗಿಸಲು ಅವ್ವನೂ ನಾನೂ ಮಾನ್ವಿಯಿಂದ ಬಂದಿದ್ದೆವು. ನಮ್ಮನ್ನೂ ಕೊನೆಯ ಪಾತ್ರೆಗಳನ್ನೂ ದಂಡೆಗಿಳಿಸಿ, ‘ಒಲ್ಯಾಗ ಕೆಂಡ ಉಳದಾವ, ಆರಿಸಿ ಬರ್ತೀನಿ’ ಎಂದು ಒಬ್ಬನೇ ಮರಳಿದ.

ಕೆಂಡ ಆರಲು ಅಷ್ಟು ಹೊತ್ತು ಬೇಕಿರಲಿಲ್ಲ. ಅವನು ಕೋಟೆಯ ಬಾಗಿಲಲ್ಲಿ ಕೂತದ್ದು ದಂಡೆಗೆ ಕಾಣುತ್ತಿತ್ತು. ಅಷ್ಟು ವರ್ಷ ಈ ದಂಡೆಯಲ್ಲಿ ಆಚೆ ಹೋಗಬೇಕಾದವರು ಯಾರಾದರೂ ಇರುತ್ತಿದ್ದರು. ಅವತ್ತು ಯಾರಿಗೂ ಹೋಗಬೇಕಿರಲಿಲ್ಲ. ಹೊತ್ತು ಇಳಿಯತೊಡಗಿತು, ನೀರು ಏರತೊಡಗಿತು. ‘ಕೂಗಲೇ, ಯಾರದರ ಕೂಗು ಹಾಕು’ ಎಂದ ಮಾಮ. ಊರಿನವರೆಲ್ಲರ ದನಿ ಇದ್ದ ನನ್ನ ಗಂಟಲಲ್ಲಿ ಒಂದೂ ಏಳಲಿಲ್ಲ. ಆಗ ಅವ್ವ ನೀರಿಗಿಳಿದು, ಸೀರೆ ಒದ್ದೆಯಾದದ್ದನ್ನೂ ನೋಡದೆ, ನಮ್ಮ ಮನೆಯ ಕೂಗು ಹಾಕಿದಳು.

ಮುತ್ಯಾ ಎದ್ದ. ಹರಿಗೋಲು ಸೆಳವಿನಲ್ಲಿ ಓರೆಯಾಗಿ ಬಂದು ದಂಡೆಗೆ ತಾಗಿತು.

‘ಹತ್ತವ್ವಾ, ದಾಟಿಸ್ತೀನಿ’ ಎಂದ, ಯಾವಾಗಲೂ ಅನ್ನುವಂತೆ.

‘ಆಕಡಿ ಯಾರೂ ಇಲ್ಲ ಯಪ್ಪಾ. ನೀ ಇಳಿ’ ಎಂದಳು ಅವ್ವ.

ಮುತ್ಯಾ ಇಳಿದು, ಹುಟ್ಟನ್ನು ತಾನಾಗಿ ಮಾಮನ ಕಡೆ ಚಾಚಿದ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ ಮಾಮ ಎಲ್ಲಿಡಬೇಕೆಂದು ತಿಳಿಯದೆ, ಕತ್ತಲಾಗುವವರೆಗೂ ಹಿಡಿದುಕೊಂಡೇ ನಿಂತಿದ್ದ.