ಮೊಳೆಯಿಲ್ಲದ ಬಳೆಗಳ ಅಂಗಿ

ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ. ಕಳೆದ ತಿಂಗಳು ದೊಡ್ಡ ಊರಿನ ಮ್ಯೂಸಿಯಂ ಒಂದರಲ್ಲಿ, ಯುರೋಪಿನ ಹಳೆಯ ಕತ್ತಿ-ಕವಚಗಳ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆ ತೆರೆದು ಒಬ್ಬರು ಸಣ್ಣ ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಹೆಣೆದ ಕವಚದ ಅಂಗಿಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಶಿರಸಿಯ ನಮ್ಮ ಶಾಲೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದೆ... ಎದುರಿಗೆ ಮಾಸ್ತರು.

ಇತಿಹಾಸ ಕಲಿಸುತ್ತಿದ್ದ ಮಾಸ್ತರು ಆ ಕೋಣೆಯನ್ನೇ ಮ್ಯೂಸಿಯಂ ಮಾಡಿದ್ದರು. ತುಕ್ಕು ಹಿಡಿದ ಎರಡು ಕತ್ತಿ, ಹಿಡಿಯಿಲ್ಲದ ಒಂದು ಬಾಕು, ಮತ್ತು ಅಂಥದೇ ಒಂದು ಬಳೆಗಳ ಅಂಗಿ. ಚೀಟಿಯಲ್ಲಿ ಅವರದೇ ದುಂಡು ಅಕ್ಷರ: ‘ಘಟ್ಟ ಹತ್ತಿ ಬಂದ ಪೋರ್ಚುಗೀಸ್ ಸಿಪಾಯಿಯ ಕವಚ. ನಿಲ್ಕುಂದದ ಕಾಡಿನಲ್ಲಿ ಸಿಕ್ಕಿದ್ದು.’ ಶನಿವಾರ ಹಳೆಯ ಪಂಚೆಯ ತುಂಡಿನಿಂದ ಅದಕ್ಕೆ ಎಣ್ಣೆ ಹಚ್ಚುತ್ತಲೇ ನನ್ನನ್ನು ಚರ್ಚಾಸ್ಪರ್ಧೆಗೆ ಅಣಿಗೊಳಿಸುತ್ತಿದ್ದರು. ನಾನು ಏನು ಹೇಳಿದರೂ ಒಂದೇ ಪ್ರಶ್ನೆ: “ಪುರಾವೆ ಎಂತ ಇದ್ದೇ ಕೂಸೆ?” ದೇವರಿದ್ದಾನೆ ಎಂದರೂ ಅದೇ, ಇಲ್ಲ ಎಂದರೂ ಅದೇ. ಇಂದು ನಾನು ಯಾರ ಮಾತನ್ನೂ ಸುಮ್ಮನೆ ಒಪ್ಪುವುದಿಲ್ಲವೆಂದರೆ ಅದು ಅವರು ಹಾಕಿದ ಅಭ್ಯಾಸ. ಅವರೊಬ್ಬರನ್ನು ಮಾತ್ರ ಪುರಾವೆ ಕೇಳದೆ ನಂಬಿದ್ದೆ.

ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲೇ ಸ್ಪರ್ಧೆ ನಡೆಯಿತು. ಹಳೆಯ ಆಯುಧಗಳು ಸಿಕ್ಕ ಊರಲ್ಲೇ ಇರಬೇಕೋ, ಪಟ್ಟಣದ ಮ್ಯೂಸಿಯಂ ಸೇರಬೇಕೋ ಎಂಬುದು ವಿಷಯ. ನಾನು ಊರಿನ ಪರ. ಅಂಗಿಯನ್ನೇ ಮೇಜಿನ ಮೇಲೆ ಹರಡಿಕೊಂಡು ಮಾತಾಡಿದೆ. ಎದುರು ಪಕ್ಷಕ್ಕೆ ಸಿದ್ದಾಪುರದಿಂದ ಬಂದ ಒಬ್ಬ ಸಣಕಲು ಹುಡುಗಿ. ಅವಳು ಅಂಗಿಯ ಮೇಲೆ ಬಗ್ಗಿ ನೋಡಿ, ಮೆಲ್ಲಗೆ, “ಹಳೇ ಕವಚದಲ್ಲಿ ಪ್ರತಿ ಬಳೆಯ ಎರಡು ತುದಿ ಕೂಡೋ ಜಾಗದಲ್ಲಿ ಸಣ್ಣ ಮೊಳೆ ಬಡಿದಿರ್ತಾರೆ ಅಂತ ಓದಿದ್ದೆ. ಇದ್ರಲ್ಲಿ ಒಂದಕ್ಕೂ ಇಲ್ಲ. ಇದು ಅಸಲಿ ಹೌದಾ?” ಎಂದಳು.

ನಾನು ಬಿಟ್ಟೇನೆ? “ತಂಗೀ, ನಿಂಗೆ ಬೇಕಾಗಿದ್ದು ಕವಚವೋ, ಮೊಳೆ ಅಂಗಡಿಯೋ? ಅದು ಬಸ್‌ಸ್ಟ್ಯಾಂಡ್ ಹಿಂದಿದೆ!”

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವರು ಮುಂದಿನ ಸಾಲಿನಲ್ಲಿದ್ದ ಮಾಸ್ತರು. ಹುಡುಗಿಗೆ ಉಳಿದ ಮಾತು ಮರೆತೇಹೋಯಿತು. ಕೈಲಿದ್ದ ಹಾಳೆಯನ್ನು ಮಡಚಿ ಮಡಚಿ ಬೆರಳಷ್ಟು ಮಾಡಿಕೊಂಡು ವೇದಿಕೆ ಇಳಿದಳು. ಬಹುಮಾನ ನನಗೆ ಬಂತು.

ಕಾಲೇಜಿನ ದಿನಗಳಲ್ಲಿ ಒಮ್ಮೆ ಯಲ್ಲಾಪುರದ ದಾರಿಯಲ್ಲಿ ಸ್ಕೂಟರ್ ಕೆಟ್ಟಿತು. ಗ್ಯಾರೇಜಿನ ಚಾಚಾನ ಬೀಗದ ಕೈಗಳು ಅಂಥವೇ ಬಳೆಗಳ ಗೊಂಚಲಿನಲ್ಲಿ ತೂಗುತ್ತಿದ್ದವು. ಶಿರಸಿಯ ನಮ್ಮ ಶಾಲೆಯಲ್ಲಿ ಹೀಗೇ ಹೆಣೆದ ಕವಚವಿದೆ ಎಂದೆ. ಅವನ ಮುಖ ಅರಳಿತು.

“ಅರೇ, ಮಾಸ್ತರ್‌ದು ಅಂಗಿ ನಮ್ದೇ ಕೈದು ಬೇಟಿ! ತಂತಿ ಸರಳಿಗೆ ಸುತ್ತೋದು, ಕತ್ತರ್ಸೋದು, ಒಂದರಾಗೆ ಒಂದು ಹಾಕೋದು... ಪೂರಾ ಒಂದು ಮಳೆಗಾಲ ಹೋಯ್ತು. ಮಕ್ಳಿಗೆ ತೋರ್ಸೋಕೆ ಮಾದರಿ ಬೇಕು ಅಂದಿದ್ರು. ಇನ್ನೂ ಇದೆಯಾ?”

ಮರುದಿನವೇ ಮಾಸ್ತರ ಮನೆಗೆ ಹೋಗಿ ಕೇಳಿದೆ. ಅವರು ಅಲ್ಲಗಳೆಯಲಿಲ್ಲ.

“ಚೀಟಿ ಮೇಲೆ ‘ಮಾದರಿ’ ಹೇಳಿ ಬರೆದ್ರೆ ಯಾರು ನೋಡ್ತ ಕೂಸೆ?”

“ಹಂಗಾದ್ರೆ ಆ ಸಿದ್ದಾಪುರದ ಕೂಸು ಹೇಳಿದ್ದು ಸರಿ ಇತ್ತು, ಅಲ್ದ ಮಾಸ್ತರೆ?”

“ಗೆದ್ದಿದ್ದು ನೀನೇ ಅಲ್ದ?” ಎಂದು ನಕ್ಕರು. ಅಂದು ಮುಂದಿನ ಸಾಲಿನಿಂದ ಕೇಳಿದ್ದ ಅದೇ ನಗು.

ಸುಳ್ಳು ಹೇಳಿದ್ದನ್ನು ಕ್ಷಮಿಸಬಹುದಿತ್ತೇನೋ... ಆ ಸುಳ್ಳಿನ ಕಾವಲಿಗೆ ನನ್ನ ನಾಲಿಗೆಯನ್ನು ನಿಲ್ಲಿಸಿದ್ದನ್ನಲ್ಲ. ಪುರಾವೆ ಕೇಳಿದವಳನ್ನು, ಪುರಾವೆ ಕೇಳು ಎಂದು ಕಲಿಸಿದವರ ಎದುರೇ, ನಾನು ನಗೆಪಾಟಲು ಮಾಡಿದ್ದೆ. ಅವರು ಸುಮ್ಮನೆ ಕೂತಿರಲೂ ಇಲ್ಲ, ಎಲ್ಲರಿಗಿಂತ ಮೊದಲು ನಕ್ಕಿದ್ದರು. ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವರು ತೀರಿಕೊಂಡ ದಿನವೂ.

ಕಳೆದ ತಿಂಗಳು ಆ ದೊಡ್ಡ ಊರಿನ ಮ್ಯೂಸಿಯಂನಲ್ಲಿ ಎಣ್ಣೆ ಹಚ್ಚುತ್ತಿದ್ದವರು ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಪ್ರತಿ ಬಳೆಗೂ ಸಾಸಿವೆಯಷ್ಟು ಸಣ್ಣ ಮೊಳೆ. ಪಕ್ಕದ ಗೂಟಕ್ಕೆ ಇನ್ನೊಂದು ಅಂಗಿ ತೂಗುಹಾಕಿ, ‘ಇದು ಮಾದರಿ. ಮುಟ್ಟಿ ನೋಡಿ’ ಎಂದು ಬರೆದಿದ್ದರು. ಅಸಲಿ ಕವಚದ ಮುಂದೆ ನಾನೊಬ್ಬಳೇ ಇದ್ದೆ. ಮಾದರಿಯ ಮುಂದೆ ಮಕ್ಕಳ ಸಾಲು ಬಾಗಿಲಿನವರೆಗೆ ಹೋಗಿತ್ತು.

ಪುರಾವೆ ಇಲ್ಲಿದೆ ನೋಡಿ ಮಾಸ್ತರೆ, ಎನ್ನಬೇಕೆನಿಸಿತು. ಕೇಳಲು ಅವರಿಲ್ಲ. ನೀನು ಹೇಳಿದ್ದೇ ಸರಿ ಎಂದು ಆ ಹುಡುಗಿಗಾದರೂ ಹೇಳೋಣವೆಂದರೆ... ಅಂದು ನಾನು ಅವಳ ಹೆಸರನ್ನೂ ಕೇಳಿರಲಿಲ್ಲ.